ಎಣಿಕೆಗೆ ಬಂದ ಉಪಕಾರಗಳು

ನಮ್ಮ ಭಾಷೆಯಲ್ಲಿ ‘ಎಣಿಸು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಲೆಕ್ಕ ಮಾಡುವುದು ಒಂದು, ಆಲೋಚಿಸುವುದು ಇನ್ನೊಂದು. ‘ಹೀಗಾಗುತ್ತದೆಂದು ನಾನು ಎಣಿಸಿರಲಿಲ್ಲ’ ಎಂದು ಕರಾವಳಿಯ ಕಡೆಯವರು ಇಂದಿಗೂ ಹೇಳುತ್ತಾರೆ. ಬೆರಳು ಮಡಚುವ ಕೆಲಸಕ್ಕೂ ಮನಸ್ಸು ತೆರೆಯುವ ಕೆಲಸಕ್ಕೂ ಒಂದೇ ಮಾತು ಸಾಕೆಂದು ನಮ್ಮ ಹಿರಿಯರಿಗೆ ತೋರಿತು. ಹಾಗಾದರೆ ‘ಉಪಕಾರಗಳನ್ನು ಎಣಿಸು’ ಎಂದಾಗ ನಾವು ಮಾಡಬೇಕಾದದ್ದು ಲೆಕ್ಕವೋ, ಆಲೋಚನೆಯೋ? ಇಂದಿನ ಈ ಭಾಷಣದಲ್ಲಿ ನಾನು ಕೇಳಿಕೊಳ್ಳಬೇಕೆಂದಿರುವ ಪ್ರಶ್ನೆ ಇದು. ಉತ್ತರವನ್ನು ತತ್ತ್ವಗ್ರಂಥಗಳಲ್ಲಿ ಹುಡುಕದೆ, ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವದೇಶವನ್ನು ಬಿಟ್ಟು ನಮ್ಮ ಮಂಗಳೂರು, ಧಾರವಾಡ, ಕೊಡಗು, ತಲಶ್ಶೇರಿಗಳಲ್ಲಿ ಸಂಸಾರ ಹೂಡಿದ ಕೆಲವು ಮಿಷನರಿ ಕುಟುಂಬಗಳ ಬಾಳಿನಲ್ಲಿ ಹುಡುಕೋಣ.

ದೈನಂದಿನ ಉಪಕಾರಗಳನ್ನು ಒಂದೊಂದಾಗಿ ಹೆಸರಿಟ್ಟು ಎಣಿಸಬೇಕೆಂಬ ಮಾತು ಜನಪ್ರಿಯವಾದದ್ದು ಅಮೆರಿಕದ ಜಾನ್ಸನ್ ಓಟ್‌ಮನ್ ಎಂಬಾತನ ಭಕ್ತಿಗೀತೆಯೊಂದರಿಂದ. ಅದು ಅಚ್ಚಾದದ್ದು ೧೮೯೭ರಲ್ಲಿ. ಆದರೆ ಅಭ್ಯಾಸ ಬಹಳ ಹಳೆಯದು. ಜರ್ಮನಿಯ ಐಲೆನ್‌ಬುರ್ಗ್ ಎಂಬ ಊರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿಯಿದ್ದ. ಮೂವತ್ತು ವರ್ಷಗಳ ಯುದ್ಧ ಆ ದೇಶವನ್ನು ಸುಡುತ್ತಿದ್ದ ಕಾಲ. ತನ್ನ ಮನೆಮಂದಿ ಊಟಕ್ಕೆ ಕುಳಿತಾಗ ಹಾಡಲೆಂದು ಆತ ಒಂದು ಪುಟ್ಟ ಸ್ತೋತ್ರವನ್ನು ರಚಿಸಿದ. ೧೬೩೭ರಲ್ಲಿ ಊರಿಗೆ ಮಹಾಮಾರಿ ಬಡಿಯಿತು. ಆ ವರ್ಷ ಆತ ಸಾವಿರಾರು ಶವಗಳಿಗೆ ಸಂಸ್ಕಾರ ನಡೆಸಬೇಕಾಯಿತು. ಅವುಗಳಲ್ಲಿ ಅವನ ಹೆಂಡತಿಯದೂ ಒಂದು. ಆ ಊಟದ ಹಾಡು ಮಾತ್ರ ಉಳಿಯಿತು. ಜರ್ಮನ್ ಮಾತನಾಡುವ ಪ್ರಾಟೆಸ್ಟಂಟರ ಮನೆಮನೆಯ ಕೃತಜ್ಞತಾಗೀತೆಯಾಯಿತು. ನಾನು ಹೇಳಹೊರಟಿರುವ ಕುಟುಂಬಗಳು ಆ ಹಾಡನ್ನು ಬಾಯಲ್ಲಿಟ್ಟುಕೊಂಡೇ ಬೆಳೆದವು. ಸುಖದಲ್ಲಿರುವವನು ತೃಪ್ತಿಯಿಂದ ಹೇಳುವ ಮಾತು ಅವರ ಪಾಲಿಗೆ ಕೃತಜ್ಞತೆಯಾಗಿರಲಿಲ್ಲ. ಸಾವಿನ ನೆರೆಯಲ್ಲಿ ಕುಳಿತವನು ದಿನವೂ ನಡೆಸಬೇಕಾದ ಸಾಧನೆಯಾಗಿತ್ತು. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಅದಕ್ಕೆ ಹಣ ಕೂಡಿಸಿದವರಲ್ಲಿ ಬಾಸೆಲಿನ ಶ್ರೀಮಂತ ವರ್ತಕರು ಮುಖ್ಯರು; ಜನರನ್ನು ಕೊಟ್ಟದ್ದು ಬಹುಮಟ್ಟಿಗೆ ನೈರುತ್ಯ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತ. ಅಲ್ಲಿನ ರೈತರು, ನೇಕಾರರು, ಕುಶಲಕರ್ಮಿಗಳು, ಅಲ್ಲೊಬ್ಬ ಇಲ್ಲೊಬ್ಬ ವಿಶ್ವವಿದ್ಯಾಲಯದಲ್ಲಿ ಓದಿದ ಪಾದ್ರಿಯ ಮಗ—ಹೀಗೆ ಕೂಡಿದ ಗುಂಪು ಅದು. ೧೮೩೩ರ ಸನ್ನದಿನಲ್ಲಿ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪೆನಿಯ ಸೀಮೆ ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಆಫ್ರಿಕದ ತುದಿಯನ್ನು ಬಳಸಿ ಕಲ್ಲಿಕೋಟೆಗೆ ಬಂದಿಳಿದು, ೧೮೩೪ರ ಅಕ್ಟೋಬರ್ ೩೦ರಂದು ಮಂಗಳೂರನ್ನು ಸೇರಿದರು. ೧೮೩೬ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದರು. ಅದೇ ವರ್ಷ ಭಾರತಕ್ಕೆ ಬಂದ ಹೆರ್ಮನ್ ಗುಂಡರ್ಟ್ ಮುಂದೆ ಈ ಮಿಷನ್ನಿಗೆ ಸೇರಿ, ೧೮೩೯ರಲ್ಲಿ ತಲಶ್ಶೇರಿಯಲ್ಲಿ ನೆಲೆಸಿದರು. ೧೮೫೩ರಲ್ಲಿ ಫೆರ್ಡಿನಾಂಡ್ ಕಿಟೆಲ್ ಬಂದರು. ಕನ್ನಡ ಓದಿದವರಿಗೆ ಮೋಗ್ಲಿಂಗ್, ಕಿಟೆಲ್ ಹೆಸರುಗಳು ಅಪರಿಚಿತವಲ್ಲ. ಆದರೆ ನಾವು ಅವರನ್ನು ಪುಸ್ತಕಗಳ ಮುಖಪುಟದಲ್ಲಿ ಕಂಡಿದ್ದೇವೆ; ಅವರ ಮನೆಯ ಊಟದ ಮೇಜಿನ ಬಳಿ ಕಂಡಿಲ್ಲ.

ಆ ಮನೆಗಳ ದಿನ ಆರಂಭವಾಗುತ್ತಿದ್ದುದು ಒಂದು ಚಿಕ್ಕ ಹೊತ್ತಗೆಯಿಂದ. ಹೆರ್ನ್‌ಹೂಟ್ ಎಂಬ ಊರಿನ ಭಕ್ತ ಸಮಾಜದವರು ವರ್ಷದ ಪ್ರತಿಯೊಂದು ದಿನಕ್ಕೂ ಒಂದೊಂದು ವೇದವಾಕ್ಯವನ್ನು ಆರಿಸಿ, ‘ಲೋಸುಂಗನ್’ ಎಂಬ ಹೆಸರಿನಲ್ಲಿ ೧೭೩೧ರಿಂದ ಅಚ್ಚು ಹಾಕುತ್ತ ಬಂದಿದ್ದಾರೆ. ಇಂದಿಗೂ ಆ ಪದ್ಧತಿ ನಿಂತಿಲ್ಲ. ಬಾಸೆಲಿನಲ್ಲಿ ತಾಯಿಯೊಬ್ಬಳು ಬೆಳಗ್ಗೆ ಓದಿದ ವಾಕ್ಯವನ್ನೇ ಅದೇ ದಿನ ಸಮುದ್ರದಾಚೆ ಮಗನೂ ಓದಬಹುದು. ಪತ್ರ ತಲುಪಲು ತಿಂಗಳುಗಳು ಬೇಕಾಗಿದ್ದ ಕಾಲದಲ್ಲಿ ಇದೇನೂ ಸಣ್ಣ ಸಮಾಧಾನವಲ್ಲ. ಪಯಣ ಹೊರಟ ದಿನ, ಮಗು ಹುಟ್ಟಿದ ದಿನ, ಮಣ್ಣು ಕೊಟ್ಟ ದಿನ—ಇವನ್ನೆಲ್ಲ ಆ ದಿನದ ವಾಕ್ಯದೊಡನೆ ಹೊಂದಿಸಿ ನೆನೆಯುವುದು ಇಂಥ ಭಕ್ತರ ರೂಢಿ. ನಮ್ಮಲ್ಲಿ ತಿಥಿ ನಕ್ಷತ್ರಗಳನ್ನು ಹೇಳಿಕೊಳ್ಳುವಂತೆಯೇ ಇದು. ದಿನವೆಂಬುದು ಸುಮ್ಮನೆ ಕಳೆದುಹೋಗುವ ಹೊತ್ತಲ್ಲ, ಕೈಯಲ್ಲಿ ಹಿಡಿದು ನೋಡಬೇಕಾದ ಕಾಣಿಕೆ ಎಂಬ ಭಾವ ಈ ಅಭ್ಯಾಸದಿಂದ ಬೆಳೆಯುತ್ತಿತ್ತು.

ಅವರು ಎಣಿಸುತ್ತಿದ್ದುದು ಏನನ್ನು? ಮಿಷನರಿಗಳ ಬಾಳಿನ ಕಾಗದಪತ್ರಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುವ ಸಂಗತಿಗಳು ತೀರ ಸಾಮಾನ್ಯವಾದವು. ಹಡಗು ದಡ ಸೇರಿತು. ಊರಿನಿಂದ ಪತ್ರ ಬಂತು. ಮಗುವಿನ ಜ್ವರ ಇಳಿಯಿತು. ಬಾಣಂತಿ ಎದ್ದು ಕುಳಿತಳು. ಇವು ಸಾಮಾನ್ಯವೆಂದು ನಾವು ಹೇಳಬಹುದು. ಏಕೆಂದರೆ ನಮಗೆ ಇವೆಲ್ಲ ಖಚಿತ. ಅವರಿಗೆ ಇವುಗಳಲ್ಲಿ ಒಂದೂ ಖಚಿತವಾಗಿರಲಿಲ್ಲ. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅದಕ್ಕೆ ಮುಂಚೆ ಈಜಿಪ್ಟಿನ ನೆಲವನ್ನು ದಾಟಿ ಬರುವ ಅಂಚೆಯೇ ವೇಗದ ಅಂಚೆ. ಅದಕ್ಕೂ ಒಂದೂವರೆ ಎರಡು ತಿಂಗಳು ಹಿಡಿಯುತ್ತಿತ್ತು. ತಾಯಿಗೆ ಕಾಯಿಲೆಯೆಂಬ ಸುದ್ದಿಯನ್ನು ಓದುವಾಗ ಆ ತಾಯಿ ಇನ್ನೂ ಇದ್ದಾಳೋ ಇಲ್ಲವೋ ತಿಳಿಯದು. ‘ಗುಣವಾಗಲಿ’ ಎಂದು ಉತ್ತರ ಬರೆದರೆ ಅದು ತಲುಪುವಷ್ಟರಲ್ಲಿ ಆಕೆಯ ಗೋರಿಯ ಮೇಲೆ ಹುಲ್ಲು ಬೆಳೆದಿರಬಹುದು. ಆದ್ದರಿಂದ ಪತ್ರವೊಂದು ಕೈಸೇರಿದರೆ ಅದನ್ನು ಒಡೆಯುವ ಮೊದಲೇ ಸ್ತೋತ್ರ ಹೇಳಬೇಕೆನ್ನಿಸಿದರೆ ಆಶ್ಚರ್ಯವಿಲ್ಲ.

ಮಳೆಗಾಲವನ್ನು ನೆನೆಯಿರಿ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗೆ. ಆ ತಿಂಗಳುಗಳಲ್ಲಿ ಅಳಿವೆಯ ಬಾಯಿ ಮುಚ್ಚಿದಂತೆಯೇ. ದೋಣಿ ಹಡಗುಗಳು ಬರುವಂತಿಲ್ಲ. ಮುಳಿಹುಲ್ಲಿನ ಮಾಡಿಗೆ ವರ್ಷ ವರ್ಷವೂ ಹೊಸ ಹೊದಿಕೆ ಬೇಕು. ಬೇಸಗೆಯಲ್ಲಿ ಬೆಂಕಿಯ ಭಯ, ಮಳೆಯಲ್ಲಿ ಸೋರುವ ಭಯ. ಇದೇ ಮಿಷನ್ನಿನ ಗೇಆರ್ಗ್ ಪ್ಲೆಬ್ಸ್ಟ್ ಎಂಬಾತ ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ. ಮಂಗಳೂರು ಹೆಂಚು ಎಂದು ನಾವು ಕರೆಯುವುದು ಅಲ್ಲಿಂದ ಹಬ್ಬಿದ ವಸ್ತುವನ್ನು. ಅದನ್ನು ಉದ್ಯಮದ ಚರಿತ್ರೆಯೆಂದು ಬರೆಯುವವರುಂಟು; ಅದು ನಿಜವೂ ಹೌದು. ಆದರೆ ಸೋರುವ ಮನೆಯಲ್ಲಿ ಜ್ವರದ ಮಗುವಿನ ಮಂಚವನ್ನು ಮೂಲೆಯಿಂದ ಮೂಲೆಗೆ ಸರಿಸುತ್ತ ರಾತ್ರಿ ಕಳೆದ ತಾಯಿಗೆ ಸೋರದ ಮಾಡು ಉದ್ಯಮವಲ್ಲ, ಉಪಕಾರ.

ರೋಗದ ಮಾತು ಇನ್ನೂ ಕಠಿಣ. ಬಾಸೆಲ್ ಮಿಷನ್ ೧೮೨೮ರಿಂದ ಆಫ್ರಿಕದ ಚಿನ್ನದ ಕರಾವಳಿಗೆ, ಎಂದರೆ ಇಂದಿನ ಘಾನಾಕ್ಕೆ, ಕಳುಹಿಸಿದ ಮೊದಲ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಹನ್ನೆರಡು ವರ್ಷಗಳೊಳಗೆ ತೀರಿಕೊಂಡರು. ಅದಕ್ಕೆ ಹೋಲಿಸಿದರೆ ಕನ್ನಡ ಜಿಲ್ಲೆಯಲ್ಲಿ ಕೆಲಸ ಸಿಕ್ಕಿದ್ದೇ ಭಾಗ್ಯ. ಆದರೂ ಮಲೆನಾಡಿನ ಚಳಿಜ್ವರ, ಕಾಲರಾ, ಹೆರಿಗೆಯ ಅಪಾಯ ಇಲ್ಲಿಯೂ ಹೊಸಿಲಲ್ಲೇ ಇದ್ದವು. ಕೆಟ್ಟ ಬೇಸಗೆಯಲ್ಲಿ ನೀಲಗಿರಿಯ ಕೇತಿಯಲ್ಲಿ ತಂಗಲು ಅವಕಾಶವಿತ್ತು. ಕಸಮಜೋರ್ ಎಂಬ ನಿವೃತ್ತ ನ್ಯಾಯಾಧೀಶರು ಆ ಮನೆಯನ್ನು ಮಿಷನ್ನಿಗೆ ಬಿಟ್ಟುಹೋದರು. ಮೋಗ್ಲಿಂಗರು ಕನ್ನಡ ಕಾವ್ಯಗಳನ್ನು ಅಚ್ಚು ಮಾಡಿಸಲು ಧನಸಹಾಯ ಮಾಡಿದವರೂ ಇವರೇ. ಒಂದೇ ಕೈ ಒಬ್ಬರಿಗೆ ತಂಪು ಗಾಳಿಯನ್ನು ಕೊಟ್ಟಿತು, ನಮಗೆ ಗ್ರಂಥಗಳನ್ನು ಕೊಟ್ಟಿತು.

ಇನ್ನು ಈ ಮನೆಗಳ ಹೆಂಗಸರು. ಮಿಷನ್ನಿನ ಚರಿತ್ರೆಯಲ್ಲಿ ಬಹುಕಾಲ ಇವರು ‘ಪತ್ನಿ’ ಎಂಬ ಒಂದೇ ಪದದಲ್ಲಿ ಅಡಗಿ ಕುಳಿತಿದ್ದರು. ತರುಣ ಮಿಷನರಿ ಅವಿವಾಹಿತನಾಗಿ ಬರಬೇಕು. ಕೆಲವು ವರ್ಷ ದುಡಿದು ಯೋಗ್ಯನೆನಿಸಿಕೊಂಡ ಮೇಲೆ ಬಾಸೆಲಿನ ಸಮಿತಿಗೆ ಮದುವೆಯ ಅರ್ಜಿ ಸಲ್ಲಿಸಬೇಕು. ಸಮಿತಿ ಒಪ್ಪಿದರೆ ಕನ್ಯೆಯನ್ನು ಹುಡುಕುವುದೂ ಉಂಟು. ವ್ಯೂರ್ಟೆಂಬರ್ಗಿನ ಹಳ್ಳಿಯೊಂದರ ಹುಡುಗಿಗೆ ಒಂದು ದಿನ ಪತ್ರ ಬರುತ್ತದೆ: ಭಾರತದಲ್ಲಿರುವ ಇಂಥವನಿಗೆ ಹೆಂಡತಿಯಾಗಿ ಹೋಗುವೆಯಾ ಎಂದು. ಅವಳು ದೇವರ ಚಿತ್ತವೆಂದು ಒಪ್ಪಿ, ತನ್ನಂಥ ಇನ್ನೂ ಕೆಲವರೊಡನೆ ಹಡಗು ಹತ್ತುತ್ತಾಳೆ. ಎಷ್ಟೋ ಜನ ವರನ ಮುಖವನ್ನು ಮೊದಲು ಕಂಡದ್ದು ಇಳಿದ ಬಂದರಿನಲ್ಲಿ. ಕೆಲವು ದಿನಗಳೊಳಗೆ ಮದುವೆ. ನಮ್ಮ ಹಿಂದಿನ ತಲೆಮಾರಿನ ಹೆಂಗಸರಿಗೆ ಇದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಆದರೆ ನಮ್ಮವರಿಗೆ ಹೆರಿಗೆಗೆ ತವರುಮನೆಯಿತ್ತು. ಇವರಿಗೆ ತವರೆಂಬುದು ಕಾಗದದ ಮೇಲಿನ ಮಾತು.

ಅಂಥ ಇಬ್ಬರು ಮೂವರ ಕಥೆಯನ್ನು ಹೇಳುತ್ತೇನೆ. ಕಿಟೆಲರು ಪೌಲೀನೆ ಐಟ್ ಎಂಬಾಕೆಯನ್ನು ವರಿಸಿದ್ದು ೧೮೬೦ರಲ್ಲಿ. ನಾಲ್ಕೇ ವರ್ಷಗಳಲ್ಲಿ, ೧೮೬೪ರಲ್ಲಿ, ಆಕೆ ತೀರಿಕೊಂಡರು. ೧೮೬೭ರಲ್ಲಿ ಕಿಟೆಲರು ಆಕೆಯ ತಂಗಿಯನ್ನು ಮದುವೆಯಾದರು. ಅಕ್ಕನನ್ನು ಉಳಿಸಿಕೊಳ್ಳದ ನೆಲಕ್ಕೆ ತಂಗಿ ಬಾಳ್ವೆಗೆಂದು ಬಂದಳು. ಈ ಒಂದು ಸಂಗತಿಯ ಮುಂದೆ ಧೈರ್ಯವೆಂಬ ಪದದ ಬೇರೆ ಉದಾಹರಣೆಗಳು ನನಗೆ ಸಪ್ಪೆಯಾಗಿ ಕಾಣುತ್ತವೆ. ಇನ್ನೊಬ್ಬರು ಪೌಲೀನೆ ಬಾಕ್‌ಮೈಸ್ಟರ್. ಕನ್ನಡ ಬೈಬಲ್ಲಿನ ಪರಿಷ್ಕರಣದಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆಯವರ ಪತ್ನಿ. ೧೮೫೫ರಲ್ಲಿ ವೈಗ್ಲೆ ಕಾಲವಾದರು. ಮಕ್ಕಳೊಡನೆ ಆಕೆ ಪರದೇಶದಲ್ಲಿ ವಿಧವೆಯಾಗಿ ನಿಂತರು. ವೈಗ್ಲೆಯವರ ಆಪ್ತರಾದ ಮೋಗ್ಲಿಂಗ್ ಆಗ ಕೊಡಗಿನಲ್ಲಿದ್ದರು. ಅಲ್ಲಿಯವರೆಗೂ ಬ್ರಹ್ಮಚಾರಿಯಾಗಿದ್ದ ಅವರು ಆಕೆಯನ್ನು ಮದುವೆಯಾಗಿ ಆ ಮಕ್ಕಳಿಗೆ ತಂದೆಯಾದರು. ೧೮೬೦ರಲ್ಲಿ, ಹೆಂಡತಿಯ ಆರೋಗ್ಯದ ಸಲುವಾಗಿ, ಇಪ್ಪತ್ತನಾಲ್ಕು ವರ್ಷಗಳ ತಮ್ಮ ಕಾರ್ಯಕ್ಷೇತ್ರವನ್ನು ತೊರೆದು ಸ್ವದೇಶಕ್ಕೆ ಮರಳಿದರು, ಮತ್ತೆ ಬರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ೧೮೪೩ರ ಜುಲೈ ಒಂದರಂದು ಹೊರಡಿಸಿದವರೆಂದು ನಾವು ಮೋಗ್ಲಿಂಗರನ್ನು ಕೊಂಡಾಡುತ್ತೇವೆ. ಗೆಳೆಯನ ಹೆಂಡತಿ ಮಕ್ಕಳಿಗಾಗಿ ತನ್ನ ಕೆಲಸವನ್ನೇ ಬಿಟ್ಟುಕೊಟ್ಟವರೆಂದೂ ನೆನೆದರೆ ತಪ್ಪಾಗಲಾರದು.

ಆದರೆ ಈ ಕುಟುಂಬಗಳ ಎಣಿಕೆಯಲ್ಲಿ ಅತ್ಯಂತ ಕಷ್ಟದ ಅಂಕಿ ಸಾವಿನದಲ್ಲ, ಬದುಕಿರುವ ಮಕ್ಕಳದು. ೧೮೫೩ರಲ್ಲಿ ಮಿಷನ್ ಒಂದು ಕಟ್ಟಳೆ ಮಾಡಿತು. ಆಗ ಯೋಸೆಫ್ ಯೋಸೆನ್‌ಹಾನ್ಸ್ ಎಂಬ ದಕ್ಷನೂ ಕಠಿಣನೂ ಆದ ಮೇಲ್ವಿಚಾರಕನ ಆಡಳಿತ. ಆತ ಅದಕ್ಕೆ ಸ್ವಲ್ಪ ಮುಂಚೆ ತಾನೇ ಭಾರತಕ್ಕೆ ಬಂದು ಠಾಣ್ಯಗಳನ್ನೆಲ್ಲ ನೋಡಿ ಹೋಗಿದ್ದ. ಕಟ್ಟಳೆ ಇದು: ಶಾಲೆಗೆ ಹೋಗುವ ವಯಸ್ಸು ಬರುತ್ತಲೇ, ಎಂದರೆ ಸುಮಾರು ಆರೇಳು ವರ್ಷಕ್ಕೆ, ಮಿಷನರಿಗಳ ಮಕ್ಕಳನ್ನು ಯೂರೋಪಿಗೆ ಕಳುಹಿಸತಕ್ಕದ್ದು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆಯನ್ನು ಏರ್ಪಡಿಸಲಾಯಿತು. ಹವೆ ಒಗ್ಗದು, ವಿದ್ಯೆ ದೊರೆಯದು ಎಂಬ ಕಾರಣಗಳಿದ್ದವು. ಆಯಾ ಆಳುಗಳ ಜೊತೆ ಬೆಳೆದ ಮಕ್ಕಳು ಇಲ್ಲಿನ ನುಡಿ ನಡವಳಿಕೆಗಳನ್ನು ಕಲಿತು ಇಲ್ಲಿಯವರೇ ಆಗಿಬಿಡುವರೆಂಬ ಭಯವೂ ಇತ್ತು. ಹೀಗೆ, ಹೆತ್ತ ಮಗುವಿನ ಜ್ವರ ಇಳಿದುದಕ್ಕೆ ರಾತ್ರಿ ಮೊಣಕಾಲೂರಿ ಸ್ತೋತ್ರ ಹೇಳಿದ ತಾಯಿ, ಅದೇ ಮಗುವನ್ನು ಕೆಲವು ವರ್ಷಗಳ ಮೇಲೆ ಹಡಗಿನಲ್ಲಿ ಬೇರೊಬ್ಬರ ಕೈಗೆ ಒಪ್ಪಿಸಬೇಕು. ಹತ್ತು ಹನ್ನೆರಡು ವರ್ಷ ನೋಡದಿರಬಹುದು. ಎಂದೂ ನೋಡದಿರಲೂಬಹುದು.

ಗುಂಡರ್ಟರ ಮಗಳು ಮಾರೀ ೧೮೪೨ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ತಾಯಿ ಜೂಲಿ ಫ್ರೆಂಚ್ ಮಾತಿನ ಸ್ವಿಸ್ ಹೆಣ್ಣು. ತಲಶ್ಶೇರಿಯಲ್ಲಿ ಹುಡುಗಿಯರಿಗೊಂದು ವಸತಿಶಾಲೆ ನಡೆಸುತ್ತಿದ್ದಳು. ಕಟ್ಟಳೆ ಬರುವುದಕ್ಕೆ ಮೊದಲೇ, ೧೮೪೬ರ ಸುಮಾರಿಗೆ ತಂದೆತಾಯಿಗಳು ರಜೆಯ ಮೇಲೆ ಯೂರೋಪಿಗೆ ಹೋದಾಗ ಮಗಳನ್ನು ಅಲ್ಲಿಯೇ ಬಿಟ್ಟುಬಂದರು. ಹದಿನೈದು ವರ್ಷದವಳಾಗಿ, ೧೮೫೭ರಲ್ಲಿ, ಆಕೆ ಮತ್ತೆ ಈ ಕರಾವಳಿಗೆ ಬಂದಾಗ ಎದುರಿಗೆ ನಿಂತವರು ತಂದೆತಾಯಿಗಳೂ ಹೌದು, ಹೊಸಬರೂ ಹೌದು. ಇನ್ನೂ ಒಂದು ಮಾತನ್ನು ಗಮನಿಸಬೇಕು. ಜೂಲಿ ತನ್ನ ಮಗಳನ್ನು ದೂರದ ಊರಿನಲ್ಲಿ ಇತರರಿಗೆ ಒಪ್ಪಿಸಿ, ಇಲ್ಲಿ ಇತರರ ಹೆಣ್ಣುಮಕ್ಕಳಿಗೆ ತಲೆ ಬಾಚಿ, ಅಕ್ಷರ ಕಲಿಸಿ, ಅನ್ನವಿಕ್ಕುತ್ತಿದ್ದಳು. ಎರಡು ಕಡೆಯ ಈ ತಾಯ್ತನವನ್ನು ಆಕೆ ಯಾವ ಅಂಕಣದಲ್ಲಿ ಬರೆದುಕೊಂಡಳೋ! ಮಾರೀ ಮುಂದೆ ಚಾರ್ಲ್ಸ್ ಐಸೆನ್‌ಬರ್ಗ್ ಎಂಬ ಮಿಷನರಿಯ ಹೆಂಡತಿಯಾಗಿ, ೧೮೭೦ರಲ್ಲಿ ವಿಧವೆಯಾಗಿ, ೧೮೭೪ರಲ್ಲಿ ಜರ್ಮನಿಯ ಕಾಲ್ವ್ ಎಂಬ ಊರಿನಲ್ಲಿ ಯೊಹಾನಸ್ ಹೆಸ್ಸೆಯ ಕೈಹಿಡಿದಳು. ಆತನೂ ಕೆಲವು ವರ್ಷ ನಮ್ಮ ಕರಾವಳಿಯಲ್ಲಿ ಮಿಷನ್ನಿನ ಕೆಲಸ ಮಾಡಿ ಆರೋಗ್ಯ ಕೆಟ್ಟು ಹಿಂದಿರುಗಿದವನು. ಅವರ ಮಗನೇ ೧೯೨೨ರಲ್ಲಿ ‘ಸಿದ್ಧಾರ್ಥ’ ಕಾದಂಬರಿಯನ್ನು ಬರೆದ, ೧೯೪೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹೆರ್ಮನ್ ಹೆಸ್ಸೆ. ಆತ ೧೯೧೧ರಲ್ಲಿ ಪೂರ್ವದೇಶಗಳಿಗೆ ಹೊರಟು ಸಿಂಹಳ, ಸುಮಾತ್ರಾಗಳವರೆಗೆ ಬಂದ. ತಾಯಿ ಹುಟ್ಟಿದ ಮಲಬಾರಿನ ದಡವನ್ನು ಮುಟ್ಟಲಿಲ್ಲ. ಮನೆ ತಪ್ಪಿದವರ ಕಥೆಗಳನ್ನು ಜೀವಮಾನವೆಲ್ಲ ಬರೆದವನ ಬೆನ್ನ ಹಿಂದೆ ತಲಶ್ಶೇರಿಯಲ್ಲಿ ಹುಟ್ಟಿ, ತಲಶ್ಶೇರಿಯಿಂದ ಕಳುಹಿಸಲ್ಪಟ್ಟ ಒಂದು ಪುಟ್ಟ ಹುಡುಗಿ ನಿಂತಿದ್ದಾಳೆಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇಲ್ಲಿ ಒಂದು ಕಟು ಪ್ರಶ್ನೆಯನ್ನು ಕೇಳಲೇಬೇಕು. ಉಪಕಾರಗಳನ್ನು ಎಣಿಸುವ ಅಭ್ಯಾಸ ಈ ಜನರಿಗೆ ದುಃಖವನ್ನು ತಾಳಿಕೊಳ್ಳುವ ಬಲವನ್ನು ಕೊಟ್ಟಿತೋ, ದುಃಖವನ್ನು ಬಾಯಿಬಿಟ್ಟು ಹೇಳದಂತೆ ಬಾಯಿ ಕಟ್ಟಿತೋ? ಮಗುವನ್ನು ಕಳುಹಿಸಿದ ತಾಯಿಗೆ ಅಳುವುದು ಅವಿಶ್ವಾಸದ ಗುರುತಾಗಿ ತೋರಬಹುದಾದ ವಾತಾವರಣ ಅದು. ಕಟ್ಟಳೆ ಮಾಡಿದವರು ಮನುಷ್ಯರು. ಅದನ್ನು ದೇವರ ಚಿತ್ತವೆಂದು ಸ್ವೀಕರಿಸಿ ಸ್ತೋತ್ರ ಹೇಳಬೇಕಾದವಳು ತಾಯಿ. ಕೃತಜ್ಞತೆ ಕಷ್ಟದಲ್ಲಿರುವವನು ತಾನಾಗಿ ಆರಿಸಿಕೊಂಡರೆ ಸಾಧನೆ. ಮೇಲಿನವರು ವಿಧಿಸಿದರೆ ಅದು ಬೇರೆಯೇ ವಸ್ತುವಾಗುತ್ತದೆ. ಎರಡೂ ಈ ಮನೆಗಳಲ್ಲಿದ್ದವು. ಒಂದನ್ನು ಕಂಡು ಇನ್ನೊಂದನ್ನು ಕಾಣದಿದ್ದರೆ ನಾವು ಚರಿತ್ರೆಯನ್ನು ಓದಿದಂತಾಗುವುದಿಲ್ಲ.

ಎಣಿಕೆಯ ಇನ್ನೊಂದು ತೊಡಕೂ ಉಂಟು. ಮಿಷನರಿ ಮನೆಯ ದಿನಚರಿಯಲ್ಲಿ ಎಲ್ಲಕ್ಕಿಂತ ದೊಡ್ಡ ಉಪಕಾರವೆಂದು ಬರೆದುಕೊಳ್ಳುತ್ತಿದ್ದುದು ಒಬ್ಬನ ದೀಕ್ಷಾಸ್ನಾನ. ೧೮೪೪ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತಮತವನ್ನು ಸ್ವೀಕರಿಸಿದ. ಮೋಗ್ಲಿಂಗರ ಮನೆಯಲ್ಲಿ ಅದು ಹಬ್ಬ. ಆತನ ಮನೆಯಲ್ಲಿ ಅದು ಬದುಕಿರುವ ಮಗನಿಗೆ ಮಿಂದಂಥ ದುಃಖ. ಊರಿನಲ್ಲಿ ದೊಡ್ಡ ಗಲಭೆ. ಒಂದೇ ದಿನದ ಒಂದೇ ಸಂಗತಿಯನ್ನು ಒಂದು ಮನೆ ಲಾಭವೆಂದೂ ಇನ್ನೊಂದು ಮನೆ ನಷ್ಟವೆಂದೂ ಬರೆದುಕೊಂಡಿತು. ಮಕ್ಕಳನ್ನು ಅಗಲುವುದೆಂದರೇನೆಂದು ಬಲ್ಲ ಜನರೇ ಇನ್ನೊಬ್ಬರ ಅಗಲಿಕೆಯನ್ನು ಉಪಕಾರದ ಪಟ್ಟಿಗೆ ಸೇರಿಸಿದರು. ಕೌಂಡಿನ್ಯ ೧೮೪೬ರಿಂದ ೧೮೫೧ರವರೆಗೆ ಬಾಸೆಲಿನಲ್ಲಿ ಓದಿ, ಪಾದ್ರಿಯಾಗಿ ಮರಳಿದ. ೧೮೬೦ರಲ್ಲಿ ಮಾರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು ಮದುವೆಯಾದ. ರೈನ್ ನದಿಯ ದಡದ ಚಳಿಯಲ್ಲಿ ಕಳೆದ ಐದು ವರ್ಷಗಳಲ್ಲಿ ಆ ಮಂಗಳೂರಿನ ತರುಣ ದಿನದ ಕೊನೆಗೆ ಯಾವ ಯಾವ ಉಪಕಾರಗಳನ್ನು ಎಣಿಸಿದನೋ! ಪರದೇಶವಾಸವೆಂಬುದು ಒಂದೇ ದಿಕ್ಕಿನ ದಾರಿಯಲ್ಲ.

ಈಗ ‘ಕೃತಜ್ಞ’ ಎಂಬ ಪದಕ್ಕೆ ಬರುತ್ತೇನೆ. ಕೃತವನ್ನು ಬಲ್ಲವನು ಕೃತಜ್ಞ. ಎಂದರೆ, ಮಾಡಿದುದನ್ನು ತಿಳಿದವನು. ಅದು ಮೊದಲು ಜ್ಞಾನ, ಆಮೇಲೆ ಭಾವ. ಯಾರು ಮಾಡಿದರು, ಏನು ಮಾಡಿದರು ಎಂಬುದನ್ನು ತಿಳಿಯದೆ ಹೇಳಿದ ವಂದನೆ ಒಳ್ಳೆಯ ಮನಸ್ಸಿನ ಗುರುತಾದೀತು. ಆ ಪದದ ಪೂರ್ಣಾರ್ಥವನ್ನು ಮುಟ್ಟಲಾರದು. ಈ ಅಳತೆಗೋಲನ್ನು ಹಿಡಿದು ನೋಡಿದರೆ ಆ ಮನೆಗಳ ಎಣಿಕೆಯಲ್ಲಿ ಒಂದು ದೊಡ್ಡ ಕೊರತೆ ಕಾಣುತ್ತದೆ. ಬಾವಿಯಿಂದ ನೀರು ಸೇದಿದವರು ಯಾರು? ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತುಳುವಿನಲ್ಲೋ ಕನ್ನಡದಲ್ಲೋ ಮಲೆಯಾಳದಲ್ಲೋ ಜೋಗುಳ ಹಾಡಿದ ಆಯಾ ಯಾರು? ಘಟ್ಟದ ದಾರಿಯಲ್ಲಿ ಮಳೆಯಲ್ಲಿ ನೆನೆದು ಟಪಾಲು ಹೊತ್ತು ಓಡಿದವನು ಯಾರು? ಮಾಡಿಗೆ ಹುಲ್ಲು ಹೊದಿಸಿದವನು, ದೋಣಿಯಿಂದ ಗರ್ಭಿಣಿಯನ್ನು ಹೆಗಲ ಮೇಲೆ ಹೊತ್ತು ದಡಕ್ಕೆ ತಂದವನು? ದಿನದ ಉಪಕಾರಗಳೆಂದು ಬರೆದುಕೊಂಡವುಗಳಲ್ಲಿ ಮುಕ್ಕಾಲು ಪಾಲು ಇವರ ಕೈಯಿಂದ ಬಂದವು. ಧನ್ಯವಾದ ಮಾತ್ರ ಇವರ ತಲೆಯ ಮೇಲಿಂದ ನೇರವಾಗಿ ಆಕಾಶಕ್ಕೆ ಹೋಯಿತು. ಮಕ್ಕಳು ಯಾರ ಪ್ರಭಾವದಿಂದ ಕೆಡುವರೆಂದು ಕಟ್ಟಳೆ ಹೆದರಿತೋ ಆಕೆಯ ತೋಳಿನಲ್ಲೇ ಆ ಮಕ್ಕಳು ಬದುಕಿಕೊಂಡಿದ್ದವು.

ಇದನ್ನು ನಾನು ದೂರೆಂದು ಹೇಳುತ್ತಿಲ್ಲ. ನಮ್ಮ ಅಗ್ರಹಾರಗಳ, ವಾಡೆಗಳ, ಗುತ್ತಿನ ಮನೆಗಳ ಲೆಕ್ಕದ ಪುಸ್ತಕಗಳಲ್ಲಿಯೂ ಇವರಿಗೆ ಹೆಸರಿಲ್ಲ. ಆದರೆ ಎಣಿಸುವುದೇ ವ್ರತವಾಗಿದ್ದವರ ಎಣಿಕೆಯಲ್ಲಿಯೂ ಇವರು ಬಿಟ್ಟುಹೋದರಲ್ಲ ಎಂಬುದು ಮನಸ್ಸಿಗೆ ನಾಟುತ್ತದೆ.

ಹಾಗಾದರೆ ಅವರಲ್ಲಿ ‘ಎಣಿಸು’ ಎಂಬುದರ ಎರಡನೆಯ ಅರ್ಥಕ್ಕೆ, ಎಂದರೆ ಆಲೋಚನೆಗೆ, ಮುಟ್ಟಿದವರು ಯಾರೂ ಇಲ್ಲವೇ? ಇದ್ದಾರೆ, ಮತ್ತು ಇಲ್ಲಿಯೇ ಕನ್ನಡಿಗರಾದ ನಮ್ಮ ಋಣ ಆರಂಭವಾಗುತ್ತದೆ. ಮೋಗ್ಲಿಂಗರು ೧೮೪೮ರಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ ಮೊದಲಾದವನ್ನು ಕಲ್ಲಚ್ಚಿನಲ್ಲಿ ಹೊರತಂದರು. ೧೮೫೦ರಲ್ಲಿ ದಾಸರ ಪದಗಳನ್ನು ಅಚ್ಚು ಮಾಡಿಸಿದರು. ಬೇರೆ ಧರ್ಮವನ್ನು ಬೋಧಿಸಲು ಬಂದವನು, ಈ ನೆಲದ ಭಕ್ತರು ತಮ್ಮ ದೇವರಿಗೆ ಹೇಳಿದ ಕೃತಜ್ಞತೆಯ ಹಾಡುಗಳನ್ನು ಕುಳಿತು ಕೂಡಿಸಿದ. ಉದ್ದೇಶವೇನೇ ಇರಲಿ, ಕೂಡಿಸಲು ಮೊದಲು ಕಿವಿಗೊಡಬೇಕು. ಕಿಟೆಲರದು ಇನ್ನೂ ದೀರ್ಘವಾದ ಕಿವಿಗೊಡುವಿಕೆ. ೧೮೭೭ರಲ್ಲಿ ಜರ್ಮನಿಗೆ ಹೋದವರು ಐವತ್ತು ದಾಟಿದ ಮೇಲೆ ನಿಘಂಟಿನ ಕೆಲಸಕ್ಕಾಗಿ ಮತ್ತೊಮ್ಮೆ ಭಾರತಕ್ಕೆ ಬಂದರು. ಆ ದುಡಿಮೆಯಲ್ಲಿ ಅವರ ಕಣ್ಣು ಸೋತಿತು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು ೭೦,೦೦೦ ಶಬ್ದಗಳು. ಪಂಪನಿಂದ ಮೊದಲ್ಗೊಂಡು ಸಂತೆಯ ಮಾತಿನವರೆಗೆ, ಕಾವ್ಯದ ಪ್ರಯೋಗದ ಪಕ್ಕದಲ್ಲಿಯೇ ಅಡುಗೆಮನೆಯ ಗಾದೆ ಅದರಲ್ಲಿ ಸ್ಥಾನ ಪಡೆದಿದೆ.

ಆ ನಿಘಂಟನ್ನು ನಾನು ವಿದ್ಯಾರ್ಥಿಯಾಗಿ, ಅಧ್ಯಾಪಕನಾಗಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬಳಸಿದ್ದೇನೆ. ಈಗಲೂ ಅದು ನನ್ನ ಮೇಜಿನ ಮೇಲಿದೆ. ಅದರ ಗಾದೆಗಳನ್ನು ಓದುವಾಗ ನನಗೆ ಒಮ್ಮೊಮ್ಮೆ ಬೇರೆಯ ದನಿಗಳು ಕೇಳಿಸಿದಂತಾಗುತ್ತದೆ. ಗಾದೆಯನ್ನು ಯಾವ ಹಸ್ತಪ್ರತಿಯೂ ಹೇಳಿಕೊಡಲಾರದು. ಅದನ್ನು ಆಡುವ ಬಾಯಿ ಬೇಕು. ನೀರು ಸೇದಿದವಳು, ಹೊಲ ಉತ್ತವನು, ಹಾದಿಯಲ್ಲಿ ಜೊತೆ ನಡೆದವನು ಆಡಿದ ಮಾತುಗಳು ಅಲ್ಲಿ ಹೆಸರಿಲ್ಲದೆಯೇ ಅಕಾರಾದಿಯಾಗಿ ಸಾಲುಗಟ್ಟಿ ಕುಳಿತಿವೆ. ದಿನಚರಿಯಲ್ಲಿ ಎಣಿಕೆಗೆ ಬಾರದವರು ನಿಘಂಟಿನಲ್ಲಿ ಬಂದಿದ್ದಾರೆ. ಆ ಮನೆಗಳು ಸಲ್ಲಿಸಿದ ನಿಜವಾದ ಕೃತಜ್ಞತಾಸ್ತುತಿ ಇದೇ ಇರಬಹುದು; ಸಲ್ಲಿಸುತ್ತಿದ್ದೇವೆಂದು ಅವರಿಗೇ ತಿಳಿಯದೆ ಹೋಗಿರಬಹುದು.

ಮೊದಲ ಮಹಾಯುದ್ಧದೊಡನೆ ಆ ಕುಟುಂಬಗಳ ಕಾಲ ಮುಗಿಯಿತು. ೧೯೧೪ರಲ್ಲಿ ಜರ್ಮನರು ಶತ್ರುಪ್ರಜೆಗಳಾದರು. ಗಂಡಸರಲ್ಲಿ ಹಲವರು ಅಹಮದ್‌ನಗರದ ಶಿಬಿರವನ್ನು ಸೇರಿದರು. ೧೯೧೫-೧೬ರಲ್ಲಿ ‘ಗೋಲ್ಕೊಂಡ’ ಎಂಬ ಹಡಗು ಮಿಷನರಿಗಳನ್ನೂ ಹೆಂಗಸರು ಮಕ್ಕಳನ್ನೂ ಯೂರೋಪಿಗೆ ಒಯ್ದಿತು. ಮನೆಗಳಿಗೆ ಬೇರೆ ವಾಸಿಗಳು ಬಂದರು.

ಇಂದು ನಮ್ಮ ಮಕ್ಕಳೇ ಪರದೇಶವಾಸಿಗಳು. ನನ್ನ ಮೊಮ್ಮಗಳು ಇರುವುದು ಎರಡು ಸಮುದ್ರಗಳ ಆಚೆ. ಭಾನುವಾರ ಸಂಜೆ ಫೋನಿನ ತೆರೆಯ ಮೇಲೆ ಅವಳ ಮುಖ ಮೂಡುತ್ತದೆ. ಕನ್ನಡದಲ್ಲಿ ನಾಲ್ಕು ಮಾತು ಆಡಿ, ಐದನೆಯದಕ್ಕೆ ತಡವರಿಸುತ್ತಾಳೆ. ಒಂದೂವರೆ ತಿಂಗಳ ಅಂಚೆಗಾಗಿ ಕಾದವರನ್ನು ನೆನೆದರೆ ಇದು ಎಷ್ಟು ದೊಡ್ಡ ಉಪಕಾರ! ಅದನ್ನು ನಾನು ಎಣಿಸುತ್ತೇನೆ. ಅದರ ಜೊತೆಗೇ, ಅವಳ ತಂದೆತಾಯಿ ಕೆಲಸಕ್ಕೆ ಹೋದಾಗ ಅವಳನ್ನು ನೋಡಿಕೊಳ್ಳುವ, ಬೇರೆ ಯಾವುದೋ ದೇಶದಿಂದ ಅಲ್ಲಿಗೆ ಬಂದ ಒಬ್ಬ ಹೆಂಗಸು ಇದ್ದಾಳೆ. ಬಹಳ ದಿನ ನಾನು ಅವಳ ಹೆಸರನ್ನು ಕೇಳಿರಲಿಲ್ಲ. ಈ ಭಾಷಣವನ್ನು ಬರೆಯಲು ಕುಳಿತ ವಾರ ಕೇಳಿ ತಿಳಿದುಕೊಂಡೆ.

(ಬಾನುಲಿ ಭಾಷಣ)